ಎರಡು ಲೈನು, ಒಬ್ಬ ಡ್ರೈವರ್: ಓಟಿ ಕೇಳುವುದು ಹೇಗೆ?

ಪ್ರಶ್ನೆ: ಶಿರಸಿಯ ಕೊರಿಯರ್ ಹಬ್‌ನಲ್ಲಿ ವ್ಯಾನ್ ಓಡಿಸುತ್ತೇನೆ, ತಿಂಗಳ ಸಂಬಳ. ಹುಲೇಕಲ್ ಲೈನಿನ ಹುಡುಗ ಬಿಟ್ಟುಹೋದ ಮೇಲೆ ಬನವಾಸಿಯ ಜೊತೆ ಅದೂ ನನಗೇ ಬಿದ್ದಿದೆ. ಬೆಳಿಗ್ಗೆ 7ಕ್ಕೆ ಹೋದರೆ ಬಿಡುವಾಗ ರಾತ್ರಿ 8. ಓಟಿ (ಹೆಚ್ಚುವರಿ ದುಡಿಮೆಯ ಹಣ) ಕೇಳಿದರೆ ‘ಆ್ಯಪ್‌ನಲ್ಲಿ ಅಷ್ಟು ಹೊತ್ತು ತೋರಿಸ್ತಾ ಇಲ್ಲ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಆ್ಯಪ್ ಸಾಮಾನ್ಯವಾಗಿ ಎಣಿಸುವುದು ಗಾಡಿ ಹೊರಟಲ್ಲಿಂದ ಕೊನೆಯ ಪಾರ್ಸೆಲ್ ಕೊಡುವವರೆಗೆ. ನಿಮ್ಮ ದಿನವನ್ನು ಅಂದಾಜಿನಲ್ಲಿ ಬಿಡಿಸಿ ನೋಡೋಣ. ಸಾರ್ಟಿಂಗ್, ಲೋಡಿಂಗ್ ಒಂದೂವರೆ ಗಂಟೆ. ಬನವಾಸಿ ಕಡೆ 45 ಪಾರ್ಸೆಲ್, ತಲಾ 5 ನಿಮಿಷ. ಒಟ್ಟು 3 ಗಂಟೆ 45 ನಿಮಿಷ. ಓಡಾಟ ಎರಡೂವರೆ ಗಂಟೆ. ಹುಲೇಕಲ್ ಕಡೆ 30 ಪಾರ್ಸೆಲ್, ತಲಾ 6 ನಿಮಿಷ: ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ದಣಪೆ (ಬೇಲಿಯ ಅಡ್ಡಗಳು) ಸರಿಸಿ, ಕಾಲುಸಂಕ ದಾಟಿ ತೋಟದ ಕೆಳಗಿನ ಮನೆಗೆ ಹೋಗಬೇಕು, ಓಟಿಪಿಗೆ ನೆಟ್‌ವರ್ಕ್ ಕಾಯಬೇಕು. ಅದು 3 ಗಂಟೆ, ಓಡಾಟ ಒಂದೂಕಾಲು. ವಾಪಸ್ ಬಂದು ಸಿಒಡಿ ಹಣ (ಪಾರ್ಸೆಲ್ ಕೊಡುವಾಗ ಗ್ರಾಹಕರಿಂದ ಪಡೆದದ್ದು), ರಿಟರ್ನ್ ಒಪ್ಪಿಸಲು ಮುಕ್ಕಾಲು ಗಂಟೆ. ಕೂಡಿಸಿದರೆ 12 ಗಂಟೆ 45 ನಿಮಿಷ. ಆ್ಯಪ್‌ಗೆ ಕಾಣುವುದು ಹತ್ತೂವರೆ. ಮಳೆಗಾಲದ ಮಾತು ಬೇರೆಯೇ.

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9, ವಾರಕ್ಕೆ 48 ಗಂಟೆ; ಓಟಿ ಸೇರಿ ದಿನಕ್ಕೆ 10. ಐದು ಗಂಟೆ ದುಡಿದ ಮೇಲೆ ಒಂದು ಗಂಟೆ ವಿರಾಮ, ವಾರಕ್ಕೊಂದು ರಜೆ. ಓಟಿಗೆ ದುಪ್ಪಟ್ಟು ದರ. ಲೆಕ್ಕ ಸುಲಭವಾಗಲೆಂದು ಸಂಬಳ 20,800 ಎಂದಿಟ್ಟುಕೊಳ್ಳಿ: 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 800, ಗಂಟೆಗೆ 100 (ವಾರದ 48 ಗಂಟೆಯನ್ನು ಆರು ದಿನಕ್ಕೆ ಹಂಚಿದರೆ ದಿನಕ್ಕೆ 8), ಓಟಿಗೆ 200. ನಿಮ್ಮದು ಆರು ದಿನದ ವಾರಕ್ಕೆ 76 ಗಂಟೆ 30 ನಿಮಿಷ. 48 ಕಳೆದರೆ ಇಪ್ಪತ್ತೆಂಟೂವರೆ ಗಂಟೆ, ಅಂದರೆ 5,700 ರೂಪಾಯಿ. ಮೂರು ತಿಂಗಳಿಗೆ ಓಟಿಯ ಮಿತಿಯೇ 50 ಗಂಟೆ. ನಿಮಗದು ಎರಡು ವಾರದೊಳಗೇ ಮುಗಿಯುತ್ತದೆ. ಹುಲೇಕಲ್‌ಗೆ ಇನ್ನೊಬ್ಬರನ್ನು ಹಾಕಿ ಎಂದು ಕೇಳಲು ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಸಂಬಳ ವೆಂಡರ್‌ನಿಂದ (ಕಂಪನಿಗೆ ಆಳು ಒದಗಿಸುವ ಗುತ್ತಿಗೆದಾರರಿಂದ) ಬರುತ್ತಿದ್ದರೂ ನೀವು ನೌಕರರೇ. ದೂರಿನಲ್ಲಿ ವೆಂಡರ್, ಮೂಲ ಕಂಪನಿ ಇಬ್ಬರ ಹೆಸರೂ ಇರಲಿ. ಪಾರ್ಸೆಲ್‌ಗೆ ಇಷ್ಟು ಎಂದು ‘ಪಾರ್ಟ್‌ನರ್’ ಕರಾರಿಗೆ ಸಹಿ ಹಾಕಿದವರ ದಾರಿ ಬೇರೆ. ರಾಜ್ಯದ 2025ರ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಕೆಲಸಕ್ಕೆ ತಕ್ಕಷ್ಟು ಹಣ ಪಡೆಯುವವರ) ಕಾಯ್ದೆ ಕೆಲಸದಿಂದ ತೆಗೆಯುವ ಮುನ್ನ 14 ದಿನದ ನೋಟಿಸ್, ಕುಂದುಕೊರತೆಗೆ ವ್ಯವಸ್ಥೆ ಕೊಟ್ಟಿದೆ. ದುಡಿಮೆಯ ಗಂಟೆಗೆ ಮಿತಿ ಹಾಕಿಲ್ಲ. ದೊಡ್ಡ ಕೊರತೆ ಅದೇ.

ಇವತ್ತಿನಿಂದಲೇ ಪುಟ್ಟ ಡೈರಿ ಇಡಿ: ಹಬ್‌ಗೆ ಬಂದದ್ದು, ಗಾಡಿ ಹೊರಟದ್ದು, ವಾಪಸಾದದ್ದು, ಕ್ಯಾಷ್ ಕಟ್ಟಿದ್ದು, ನಾಲ್ಕೇ ಸಮಯ. ಕ್ಯಾಷ್ ರಸೀದಿಯ ಫೋಟೊ ತೆಗೆಯಿರಿ. ‘ಎರಡೂ ಲೈನ್ ನೀನೇ ಮಾಡು’ ಎಂಬ ವಾಟ್ಸ್‌ಆ್ಯಪ್ ಮೆಸೇಜಿನ ಸ್ಕ್ರೀನ್‌ಶಾಟ್ ಈಗಲೇ ಇರಲಿ, ಜಗಳವಾದ ದಿನ ಮೊದಲು ಗ್ರೂಪ್‌ನಿಂದ ತೆಗೆಯುತ್ತಾರೆ. ಹೊತ್ತು ಸಾಲದೆಂದು ‘ಗ್ರಾಹಕರು ಮನೆಯಲ್ಲಿಲ್ಲ’ ಎಂದು ಸುಳ್ಳು ಒತ್ತಬೇಡಿ. ಒಂದು ದೂರು ಬಂದರೂ ಓಟಿಯ ಮಾತು ಪಕ್ಕಕ್ಕೆ ಸರಿದು ನಿಮ್ಮ ತಪ್ಪೇ ಚರ್ಚೆಯಾಗುತ್ತದೆ.

ತಿಂಗಳ ಲೆಕ್ಕ ಕೈಗೆ ಬಂದಮೇಲೆ ಇನ್‌ಚಾರ್ಜ್‌ಗೆ ಅರ್ಜಿ ಕೊಟ್ಟು, ನಕಲಿನ ಮೇಲೆ ಸಹಿ, ತಾರೀಕು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಅದೇ ಕಾಗದಗಳೊಂದಿಗೆ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಿ. ಕಾರವಾರದ ಕಾರ್ಮಿಕ ಅಧಿಕಾರಿಗೆ ಒಂದು ಪ್ರತಿ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ. ಅದಕ್ಕಾಗಿ ರಜೆ ಹಾಕಿ ಘಟ್ಟ ಇಳಿಯಬೇಕಿಲ್ಲ.