ನಮ್ಮ ಮೂಗಿನ ತುದಿಗೆ ಬಂದ ಕತ್ತಿ

ದೈತ್ಯ ರೋಬೋ ಕಾಲು ಅಗಲಿಸಿ ನಿಂತಿದೆ. ಅದರ ಕೈಯಲ್ಲಿನ ಕತ್ತಿ ನೇರ ನಮ್ಮ ಕಡೆಗೇ ಚಾಚಿದೆ. ಅಲಗಿನ ತುದಿ ರೋಬೋವಿನ ತಲೆಗಿಂತ ದೊಡ್ಡದು, ಹಿಡಿದ ಮುಷ್ಟಿ ಮಾತ್ರ ನಿಂಬೆಹಣ್ಣಿನಷ್ಟು. ಜಪಾನಿನ ಅನಿಮೆ (ಕಾರ್ಟೂನ್ ಚಿತ್ರ) ಪ್ರಿಯರು ಚಿತ್ರದಲ್ಲಿನ ಈ ಭಂಗಿಯನ್ನು ‘ಯೂಶಾ ಪಾರ್ಸ್’ ಎನ್ನುತ್ತಾರೆ. ಯೂಶಾ ಎಂದರೆ ವೀರ, ಪಾರ್ಸ್ ಎಂಬುದು ಪರ್ಸ್‌ಪೆಕ್ಟಿವ್ (ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವ ನೋಟ) ಪದದ ಮೊಟಕು ರೂಪ. ಸನ್‌ರೈಸ್ ಸ್ಟುಡಿಯೋ 1990ರಲ್ಲಿ ಆರಂಭಿಸಿದ ‘ಯೂಶಾ’ ಎಂಬ ಮಕ್ಕಳ ರೋಬೋ ಅನಿಮೆ ಸರಣಿಯಿಂದ ಈ ಹೆಸರು ಬಂತು. ಚಿತ್ರಕಾರ ಮಸಾಮಿ ಒಬಾರಿ ಇಂಥ ಭಂಗಿಗೆ ಅದಕ್ಕೂ ಮೊದಲೇ ಹೆಸರಾಗಿದ್ದರು.

ಇದರ ಗಣಿತ ಸರಳ. ದೂರ ಎಷ್ಟು ಪಟ್ಟು ಹೆಚ್ಚುತ್ತದೋ ವಸ್ತು ಅಷ್ಟು ಪಟ್ಟು ಚಿಕ್ಕದಾಗಿ ಕಾಣುತ್ತದೆ. 5 ಮೀಟರ್ ಉದ್ದದ ಕತ್ತಿಯ ತುದಿ ನಮ್ಮಿಂದ 1 ಮೀಟರ್ ದೂರದಲ್ಲಿದ್ದರೆ ಹಿಡಿ 6 ಮೀಟರ್ ಆಚೆ. ಉದ್ದಕ್ಕೂ ಒಂದೇ ಅಗಲದ ಅಲಗಾದರೂ ತುದಿ ಆರು ಪಟ್ಟು ಅಗಲ ಕಾಣುತ್ತದೆ. ಅದೇ ಕತ್ತಿಯನ್ನು 100 ಮೀಟರ್ ದೂರದಿಂದ ನೋಡಿದರೆ ವ್ಯತ್ಯಾಸ ಶೇ 5 ಮಾತ್ರ. ಚಿತ್ರಕಾರ ಇದನ್ನು ಇನ್ನಷ್ಟು ಹಿಗ್ಗಿಸುವುದುಂಟು. ಆದರೂ ಮೂಲದಲ್ಲಿ ಆತ ಮಾಡಿದ್ದು ಒಂದೇ: ನಮ್ಮನ್ನು ಎಳೆತಂದು ಕತ್ತಿಯ ಮೊನೆಯೆದುರು ನಿಲ್ಲಿಸಿದ್ದು.

ಮೇಲೆರಗಿ ಬರುವ ಆಕಾರ ಕಂಡರೆ ಪ್ರಾಣಿಗಳು ಯೋಚಿಸುತ್ತ ನಿಲ್ಲುವುದಿಲ್ಲ. ಪರದೆಯ ಮೇಲೆ ನೆರಳೊಂದನ್ನು ಸರ್ರನೆ ಹಿಗ್ಗಿಸಿದರೆ ಕೋತಿಗಳು ಹಿಂದಕ್ಕೆ ಹಾರುವುದನ್ನು 1962ರ ಪ್ರಯೋಗವೊಂದು ತೋರಿಸಿತು. ಮಿಡತೆಯ ದೃಷ್ಟಿವ್ಯವಸ್ಥೆಯಲ್ಲಂತೂ ಇದಕ್ಕೆಂದೇ ಮಿಡಿಯುವ ದೊಡ್ಡ ನರಕೋಶವಿದೆ. ಅನಿಮೆಯ ಕತ್ತಿ ನಿಂತ ಚಿತ್ರ, ನಿಜ. ಆದರೆ ಮೈಮೇಲೆ ಬಂದೇಬಿಟ್ಟ ಕೊನೆಯ ಕ್ಷಣವನ್ನೇ ಅದು ಹಿಡಿದಿಟ್ಟಿದೆ. ನನ್ನ ಮಟ್ಟಿಗೆ ಅದರ ಬಲ ಇರುವುದು ಅಲ್ಲೇ.

ಜಪಾನಿನ ಖಡ್ಗವಿದ್ಯೆ ಕೆಂಡೋ ಕಲಿಸುವುದು ಇದಕ್ಕೆ ತಿರುಗಾಮುರುಗಾ. ಚೂದನ್ ನಿಲುವಿನಲ್ಲಿ ಕತ್ತಿಯ ಮೊನೆ ಎದುರಾಳಿಯ ಗಂಟಲ ನೇರಕ್ಕಿರುತ್ತದೆ. ಹಾಗೆ ನೇರವಾಗಿ ನೋಡುವವನಿಗೆ ಅಲಗಿನ ಉದ್ದ ಸುಲಭಕ್ಕೆ ಅಂದಾಜಾಗದು. ವಾಕಿ ನಿಲುವಿನಲ್ಲಿ ಕತ್ತಿಯನ್ನು ಮೈಯ ಹಿಂದೆಯೇ ಮರೆಮಾಡುತ್ತಾರೆ. ಖಡ್ಗವಿದ್ಯೆ ಉದ್ದವನ್ನು ಬಚ್ಚಿಡುತ್ತದೆ, ಯೂಶಾ ಪಾರ್ಸ್ ಅದನ್ನೇ ಸಾರಿ ಹೇಳುತ್ತದೆ. ಈ ವೀರನಿಗೆ ಮುಚ್ಚಿಡುವಂಥದ್ದು ಏನೂ ಇಲ್ಲ. ಮಕ್ಕಳ ಕಥೆಯ ನಾಯಕನಿಗೆ ಇದಕ್ಕಿಂತ ಚೆಂದದ ಗುರುತು ನನಗೆ ಹೊಳೆಯುವುದಿಲ್ಲ.

ಜಪಾನಿನ ಸಾಂಪ್ರದಾಯಿಕ ನಾಟಕ ಕಬೂಕಿಯ ರಂಗದಲ್ಲೂ ಇದರ ನಂಟು ಕಾಣಿಸುತ್ತದೆ. ಕಥೆ ತುತ್ತತುದಿ ಮುಟ್ಟಿದಾಗ ನಟ ಕಣ್ಣರಳಿಸಿ, ಕೈಕಾಲು ಬಿಗಿದು ಸ್ತಬ್ಧನಾಗುತ್ತಾನೆ. ಅದಕ್ಕೆ ‘ಮಿಯೆ’ ಎಂದು ಹೆಸರು. ಆ ಕ್ಷಣಕ್ಕೆ ಸರಿಯಾಗಿ ರಂಗದ ಬದಿಯಲ್ಲಿ ಮರದ ತುಂಡುಗಳು ಹಲಗೆಗೆ ಬಡಿಯುತ್ತವೆ, ಸಭಿಕರಿಂದ ನಟನ ಮನೆತನದ ಹೆಸರು ಕೂಗಿ ಬರುತ್ತದೆ. ಕಡಿಮೆ ಚಿತ್ರಗಳಲ್ಲೇ ಕೆಲಸ ಸಾಗಿಸಬೇಕಿದ್ದ ಟಿವಿ ಅನಿಮೆಗೆ ಇಂಥ ನಿಲುಗಡೆ ವರವಾಯಿತು. ಒಮ್ಮೆ ಶ್ರದ್ಧೆಯಿಂದ ಬರೆದ ಭಂಗಿಯನ್ನು ವಾರವಾರವೂ ತೋರಿಸಬಹುದಿತ್ತು, ಅದು ಬರುವ ಕ್ಷಣಕ್ಕಾಗಿ ಮಕ್ಕಳು ಕಾಯಬಹುದಿತ್ತು.