ಮೊದಲು ವಾಕ್ಯದ ಕೊನೆಯನ್ನು ನೋಡಿ

ಕಾಗುಣಿತದ ತಪ್ಪುಗಳನ್ನು ಅಚ್ಚಿಗೆ ಹೋಗುವ ಮುನ್ನ ಕರಡು ತಿದ್ದುವವರು ಹಿಡಿಯುತ್ತಾರೆ. ಕಾದಂಬರಿಯ ಶೈಲಿಯನ್ನು ತಿದ್ದುವುದು ಅದಕ್ಕಿಂತ ಮೊದಲಿನ ಕೆಲಸ. ಕಥೆ ಗಟ್ಟಿಯಾಗಿದೆ ಎಂದಾದ ಮೇಲೆ ಒಂದೊಂದೇ ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಬೇಕು. ಕನ್ನಡದಲ್ಲಿ ಆ ಪರೀಕ್ಷೆ ಶುರುವಾಗಬೇಕಾದದ್ದು ವಾಕ್ಯದ ಕೊನೆಯಿಂದ.

ಏಕೆಂದರೆ ನಮ್ಮ ಕ್ರಿಯಾಪದ ಸಾಮಾನ್ಯವಾಗಿ ಕುಳಿತಿರುವುದು ಅಲ್ಲಿ. ‘ರಾಮಣ್ಣ ಎದ್ದನು. ಕಿಟಕಿ ತೆರೆದನು. ಹೊರಗೆ ನೋಡಿದನು. ಮಳೆ ನಿಂತಿರುವುದನ್ನು ಕಂಡನು’ ಎಂದು ಬರೆದರೆ ನಾಲ್ಕೂ ವಾಕ್ಯಗಳು ಒಂದೇ ಸದ್ದಿನಲ್ಲಿ ಮುಗಿಯುತ್ತವೆ. ಇದು ಗೊತ್ತಾದ ಲೇಖಕರು ಎಲ್ಲವನ್ನೂ ಪೋಣಿಸಿಬಿಡುತ್ತಾರೆ: ‘ಎದ್ದು, ಕಿಟಕಿ ತೆರೆದು, ಹೊರಗೆ ನೋಡಿ, ಮಳೆ ನಿಂತಿರುವುದನ್ನು ಕಂಡು ನಿಟ್ಟುಸಿರು ಬಿಟ್ಟನು.’ ಏಕತಾನ ಹೋಯಿತು, ಆದರೆ ಯಾವ ಕ್ರಿಯೆಗೂ ತೂಕ ಉಳಿಯಲಿಲ್ಲ. ನಾನು ಸೂಚಿಸುವುದು ಇಷ್ಟು: ‘ರಾಮಣ್ಣ ಎದ್ದು ಕಿಟಕಿ ತೆರೆದ. ಮಳೆ ನಿಂತಿತ್ತು.’ ಕಿಟಕಿ ತೆರೆದವನು ಹೊರಗೆ ನೋಡಿಯೇ ನೋಡುತ್ತಾನೆ, ಅದನ್ನು ಹೇಳಬೇಕಿಲ್ಲ. ಎರಡನೆಯ ವಾಕ್ಯದ ಕರ್ತೃ ಮಳೆಯಾದ್ದರಿಂದ ಕ್ರಿಯಾಪದದ ಸದ್ದು ತಾನಾಗಿ ಬದಲಾಯಿತು. ‘ತೆರೆದ’ ಎಂದಿರಬೇಕೋ ‘ತೆರೆದನು’ ಎಂದಿರಬೇಕೋ? ಐತಿಹಾಸಿಕ ಕಾದಂಬರಿಗೆ ಎರಡನೆಯದು ಒಪ್ಪಬಹುದು. ಯಾವುದನ್ನು ಆರಿಸಿದರೂ ಅದು ಇಡೀ ನಿರೂಪಣೆಯ ದನಿಗೆ ಹೊಂದಬೇಕು, ಪುಟಕ್ಕೊಂದು ಬಗೆ ಆಗಬಾರದು.

ಕ್ರಿಯಾಪದವೇ ‘ಬಂದಳು’ ಎಂದು ಲಿಂಗ, ವಚನಗಳನ್ನು ಹೇಳುವಾಗ ಪ್ರತಿ ವಾಕ್ಯದ ತಲೆಯಲ್ಲೂ ‘ಅವಳು’ ಬೇಡ. ಇಬ್ಬರು ಹೆಂಗಸರಿರುವ ದೃಶ್ಯದಲ್ಲಿ ಮಾತ್ರ ಹೆಸರನ್ನೇ ಬರೆಯಿರಿ. ‘ಬಾಗಿಲು ಅವಳಿಂದ ಮುಚ್ಚಲ್ಪಟ್ಟಿತು’ ಎಂಬಂಥ ವಾಕ್ಯ ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ. ‘ಬಾಗಿಲು ಮುಚ್ಚಿದಳು’ ಎನ್ನಲು ಅಡ್ಡಿಯೇನು?

ನಾಮಪದದ ಮುಂದೆ ವಿಶೇಷಣಗಳನ್ನು ರಾಶಿ ಹಾಕುವುದು ಇನ್ನೊಂದು ತೊಡಕು. ‘ಸಂತೆಯಲ್ಲಿ ಕೊಂಡು ತಂದು ಯಾರಿಗೂ ಕಾಣದಂತೆ ಅಟ್ಟದ ಮೇಲೆ ಇಟ್ಟಿದ್ದ ಸೀರೆಯನ್ನು ಸುಶೀಲ ಇಳಿಸಿದಳು.’ ಯಾವ ವಸ್ತುವಿನ ಮಾತು ಎಂದು ತಿಳಿಯುವವರೆಗೆ ಓದುಗರು ಉಸಿರು ಹಿಡಿದಿರಬೇಕು. ‘ಸುಶೀಲ ಅಟ್ಟದಿಂದ ಸೀರೆ ಇಳಿಸಿದಳು. ಸಂತೆಯಲ್ಲಿ ಕೊಂಡದ್ದು, ಯಾರಿಗೂ ತೋರಿಸಿರಲಿಲ್ಲ’ ಎಂದು ಒಡೆದರೆ ಗುಟ್ಟು ಕೊನೆಗೆ ಬಂದು ನಾಟುತ್ತದೆ. ಒಂದು ಎಚ್ಚರಿಕೆ: ಗುಟ್ಟಿಗಿಂತ ಸೀರೆಯೇ ಮುಖ್ಯವಾದ ಕಡೆ ಮೊದಲಿನ ರೂಪವೇ ಸರಿಯಾಗಬಹುದು.

ಸಂಭಾಷಣೆಯ ವಿಷಯದಲ್ಲಿ ನನ್ನ ಕೈ ಹಿಡಿತದಲ್ಲಿರುತ್ತದೆ. ಧಾರವಾಡದ ಅಜ್ಜಿಯ ಮಾತನ್ನಾಗಲಿ ಕುಂದಾಪುರದ ಮೀನುಗಾರನ ಮಾತನ್ನಾಗಲಿ ಶಿಷ್ಟ ಕನ್ನಡಕ್ಕೆ ತಿದ್ದುವ ಅಧಿಕಾರ ಸಂಪಾದಕರಿಗಿಲ್ಲ. ಆ ಮಾತು ಕಾದಂಬರಿಯ ಉದ್ದಕ್ಕೂ ಆಯಾ ಊರಿನದೇ ಆಗಿದೆಯೇ ಎಂದು ನೋಡಿದರೆ ಸಾಕು. ಸಂಬೋಧನೆಯನ್ನಂತೂ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಮೂರನೆಯ ಅಧ್ಯಾಯದಲ್ಲಿ ಗಂಡನನ್ನು ‘ನೀವು’ ಎನ್ನುತ್ತಿದ್ದವಳು ಹತ್ತನೆಯದರಲ್ಲಿ ‘ನೀನು’ ಎಂದರೆ ಅದು ಲೇಖಕರ ಕಣ್ತಪ್ಪಿರಬಹುದು, ಆ ಸಂಸಾರದಲ್ಲೇ ಏನೋ ಮುರಿದಿರಲೂಬಹುದು. ಅಂಥಲ್ಲಿ ನಾನು ತಿದ್ದುವುದಿಲ್ಲ. ‘ಇದು ಬೇಕೆಂದೇ ಬರೆದದ್ದೇ?’ ಎಂದು ಪುಟದ ಅಂಚಿನಲ್ಲಿ ಕೇಳಿ ಲೇಖಕರಿಗೆ ಮರಳಿಸುತ್ತೇನೆ.