ಬೇರಿನ ಪುಡಿ ರಕ್ತನಾಳಕ್ಕೆ ಏನು ಮಾಡುತ್ತದೆ?

ಕಳೆದ ತಿಂಗಳು ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಅಕ್ಕ ಒಬ್ಬರು ಡಬ್ಬಿ ಹಿಡಿದು ಬಂದರು. "ಡಾಕ್ಟ್ರೇ, ಇದು ಬರೀ ಬೇರಿನ ಪುಡಿ. ಬಿಪಿ ಮಾತ್ರೆ ಜೊತೆ ತಗೊಂಡ್ರೆ ಏನೂ ಆಗಲ್ಲ ಅಲ್ವಾ?"

ಎರಡು ವಾರದಿಂದ ತಗೊಳ್ಳುತ್ತಿದ್ದಾರೆ. ಬೆಳಿಗ್ಗೆ ಹಾಸಿಗೆ ಬಿಟ್ಟು ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಕೂತಾಗ ಬಿಪಿಯ ಮೇಲಿನ ಅಂಕಿ 110 ಇತ್ತು, ನಿಂತ ಮೇಲೆ 90ಕ್ಕೆ ಇಳಿಯಿತು. ಡಬ್ಬಿಯ ಮೇಲೆ ಕೋಲಿಯಸ್ ಬೇರು ಎಂದು ಬರೆದಿತ್ತು. ಇಲ್ಲಿನ ಗುಜರಾತಿ ಮನೆಗಳಲ್ಲಿ ಗರ್ಮರ್ ಎಂದು ಉಪ್ಪಿನಕಾಯಿ ಹಾಕುವುದು ಇದನ್ನೇ.

ನಾನು ಔಷಧಶಾಸ್ತ್ರ ಕಲಿಸುವವನು. ಇಂಥ ಬೇರು ರಕ್ತನಾಳಕ್ಕೆ ಏನು ಮಾಡುತ್ತದೆ ಎಂದು ನೋಡಲು ಲ್ಯಾಬಿನಲ್ಲಿ ಇಲಿಯ ಮಹಾಧಮನಿಯಿಂದ 3 ಮಿಲಿಮೀಟರ್ ಅಗಲದ ಪುಟ್ಟ ಬಳೆ ಕತ್ತರಿಸಿ, ಎರಡು ಕೊಕ್ಕೆಗಳ ನಡುವೆ ಸಿಕ್ಕಿಸಿ, 37 ಡಿಗ್ರಿ ಬಿಸಿಯ ಉಪ್ಪುನೀರಲ್ಲಿ ತೂಗುಹಾಕುತ್ತೇವೆ. ನೀರಿಗೆ ಆಮ್ಲಜನಕದ ಗುಳ್ಳೆ ಬಿಡುತ್ತಲೇ ಇರಬೇಕು. ನರದ ತುದಿಯಿಂದ ಬರುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಹಾಕಿದರೆ ಬಳೆ ಬಿಗಿಯುತ್ತದೆ, ಬಿಗಿತ ತೋರಿಸುವ ತೆರೆಯ ಮೇಲಿನ ಗೆರೆ ಏರುತ್ತದೆ. ಆಮೇಲೆ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕ ಹಾಕಿದರೆ ಗೆರೆ ಇಳಿಯುತ್ತದೆ. ಆದರೆ ಬಳೆಯ ಒಳಪದರವನ್ನು ಮೆಲ್ಲಗೆ ಉಜ್ಜಿ ತೆಗೆದಿದ್ದರೆ ಇಳಿಯುವುದೇ ಇಲ್ಲ! 1980ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿದ್ದು ಇದನ್ನೇ. ಒಂದೇ ಒಂದು ಕೋಶದಷ್ಟು ತೆಳುವಾದ ಆ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ತಯಾರಿಸಿ ಸ್ನಾಯುವನ್ನು ಸಡಿಲಿಸುತ್ತದೆ. ಈ ಕೆಲಸಕ್ಕೆ 1998ರಲ್ಲಿ ನೊಬೆಲ್ ಬಂತು. ಬೀಟ್‌ರೂಟ್ ಕೂಡ ಕೊನೆಗೆ ಈ ಅನಿಲವನ್ನೇ ಕೊಡುತ್ತದೆ. ಅದರ ನೈಟ್ರೇಟನ್ನು ಮೊದಲು ಬದಲಿಸುವುದು ನಮ್ಮ ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾ.

ಈಗ ಅದೇ ಉಜ್ಜಿದ ಬಳೆಗೆ ಕೋಲಿಯಸ್ ಬೇರಿನಲ್ಲಿರುವ ಫೋರ್‌ಸ್ಕೋಲಿನ್ ಎಂಬ ಅಂಶ ಹಾಕಿ. ಗೆರೆ ಇಳಿಯುತ್ತದೆ. ಅದಕ್ಕೆ ಒಳಪದರ ಬೇಕಿಲ್ಲ, ನೇರವಾಗಿ ಸ್ನಾಯುವಿನ ಒಳಗೇ ಹೋಗಿ ಕೋಶದ ಒಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಕಣವನ್ನು ಹೆಚ್ಚಿಸಿ ಬಿಗಿತ ಬಿಡಿಸುತ್ತದೆ. 1970ರ ದಶಕದಲ್ಲಿ ಇದನ್ನು ಬೇರಿನಿಂದ ಬೇರ್ಪಡಿಸಿದ್ದು ಮುಂಬಯಿಯ ಮುಲುಂಡ್‌ನಲ್ಲಿದ್ದ ಹೋಕ್ಸ್ಟ್ ಔಷಧ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ. ಲೋಕಲ್‌ನಲ್ಲಿ ಮುಲುಂಡ್ ದಾಟುವಾಗ ನನಗೆ ಈಗಲೂ ಹೆಮ್ಮೆ ಅನಿಸುತ್ತದೆ.

ಬಿಪಿ ಇಳಿಸುವ ಇನ್ನೊಂದು ಬೇರು ಸರ್ಪಗಂಧ. ಅದರ ದಾರಿಯೇ ಬೇರೆ. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಈ ಗಿಡದ ಬಗ್ಗೆ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತೇ ತಿರುಗಿ ನೋಡಿತು. ಅದರಲ್ಲಿರುವ ರಿಸರ್ಪಿನ್ ಎಂಬ ಅಂಶ ನರದ ತುದಿಯಲ್ಲಿ ಕೂಡಿಟ್ಟ ನಾರ್‌ಅಡ್ರಿನಲಿನ್ ಅನ್ನು ಖಾಲಿ ಮಾಡುತ್ತದೆ. ಬಿಗಿ ಹಿಡಿ ಎನ್ನುವ ಸಂದೇಶವೇ ನಾಳಕ್ಕೆ ತಲುಪುವುದು ಕಡಿಮೆಯಾಗುತ್ತದೆ. ಮಿದುಳಿನಲ್ಲೂ ಹೀಗೇ ಆಗುವುದರಿಂದ ಕೆಲವರಿಗೆ ಮನಸ್ಸು ಕುಗ್ಗುತ್ತದೆ.

ಅಕ್ಕನ ಮಾತ್ರೆ ಅಮ್ಲೋಡಿಪಿನ್. ಅದು ಸ್ನಾಯುವಿಗೆ ಕ್ಯಾಲ್ಸಿಯಂ ನುಗ್ಗುವ ಬಾಗಿಲನ್ನು ಮುಚ್ಚುತ್ತದೆ. ಅತ್ತ ಫೋರ್‌ಸ್ಕೋಲಿನ್ ಕೂಡ ಅದೇ ಸ್ನಾಯುವನ್ನು ಸಡಿಲಿಸುತ್ತದೆ. ಎರಡೂ ಸೇರಿದರೆ, ಎದ್ದು ನಿಂತಾಗ ನಾಳ ಥಟ್ಟನೆ ಬಿಗಿದು ರಕ್ತವನ್ನು ತಲೆಗೆ ಏರಿಸಬೇಕಲ್ಲ, ಅದು ತಡವಾಗುತ್ತದೆ. ಬೇರು ತಾನೇ, ಸುಮ್ನೆ ತಗೊಳ್ಳಿ ಎಂದವರು ಯಾರೋ, ಬಿದ್ದು ಸೊಂಟ ಮುರಿದುಕೊಳ್ಳುವವರು ಯಾರೋ. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲೇ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಂತೂ ಇಂಥ ಪುಡಿಯ ವಿಷಯವನ್ನು ಡಾಕ್ಟರಿಗೆ ಹೇಳಲೇಬೇಕು.

ಅವರ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದೆ. ಪುಡಿ ನಿಂತಿತು, ಮಾತ್ರೆ ಮುಂದುವರಿಯಿತು. ವಾರ ಬಿಟ್ಟು ಬಂದ ಅಕ್ಕ ಕೇಳಿದರು, "ಗರ್ಮರ್ ಉಪ್ಪಿನಕಾಯಿ ತಿನ್ನಬಹುದಾ?"

"ಯಾವಾಗಾದ್ರೂ ಒಂದು ಹೋಳು ತಿನ್ನಿ ಅಕ್ಕ. ಅದರಲ್ಲಿ ನನಗೆ ಬೇರಿಗಿಂತ ಉಪ್ಪಿನದೇ ಚಿಂತೆ ಜಾಸ್ತಿ" ಎಂದೆ.